ಗುಜರಿಗೆ ಹೋಗದ ಸುತ್ತಿಗೆಗಳು: ಒಂದು ಟಿಂಕರಿಂಗ್ ವಿಭಾಗದ ಪ್ರಕರಣ

ಮಧ್ಯ ಕರ್ನಾಟಕದ ಒಂದು ಊರಿನ ಕಾರು ಸರ್ವೀಸ್ ಸೆಂಟರಿನಲ್ಲಿ ನಡೆದ ಸಂಗತಿ ಇದು. ಊರು, ಸಂಸ್ಥೆ, ಜನ ಯಾರ ಹೆಸರನ್ನೂ ಹೇಳುತ್ತಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಗ್ಯಾರೇಜು, ಸಣ್ಣ ಕಾರ್ಖಾನೆಗಳ ಕೆಲಸಗಾರರಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಜಗಳ ಅರ್ಧ ದಾರಿ ಸಾಗಿದ ಮೇಲೆ ಅಲ್ಲಿನ ವರ್ಕ್ಸ್ ಮ್ಯಾನೇಜರ್ ನನ್ನನ್ನು ಕರೆಸಿದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: “ಎಲ್ಲಾ ಸೆಂಟಿಮೆಂಟು ಸಾರ್. ಒಂದು ಸುತ್ತಿಗೆಗೆ ಇಷ್ಟು ರಂಪ.”

ಹಿನ್ನೆಲೆ

ಟಿಂಕರಿಂಗ್ ಎಂದರೆ ಗಾಡಿಯ ಹೊರಮೈ ತಗಡು ಸರಿಪಡಿಸುವುದು. ಈಗಿನ ಸರ್ವೀಸ್ ಸೆಂಟರುಗಳಲ್ಲಿ ಅದು ಬಹುಮಟ್ಟಿಗೆ ಬಿಚ್ಚಿ ಜೋಡಿಸುವ ಕೆಲಸ. ಬಾಗಿಲು ನೆಗ್ಗಿದರೆ ಇನ್ಶೂರೆನ್ಸ್ ಕ್ಲೇಮಿನಲ್ಲಿ ಹೊಸ ಬಾಗಿಲೇ ಬರುತ್ತದೆ. ಡೆಂಟ್ ಎತ್ತುವ ಕೆಲಸ ಉಳಿದಿರುವುದು ಕ್ಲೇಮ್ ಇಲ್ಲದ ಹಳೆ ಗಾಡಿಗಳಿಗೆ, ಬಿಡಿಭಾಗ ಬರಲು ತಿಂಗಳುಗಟ್ಟಲೆ ಕಾಯಬೇಕಾದ ಗಾಡಿಗಳಿಗೆ, ಹಿಂದಿನ ಚಕ್ರದ ಸುತ್ತಲಿನ ಕ್ವಾರ್ಟರ್ ಪ್ಯಾನೆಲಿನಂತೆ ಕತ್ತರಿಸಿ ಬೆಸೆಯದೆ ಬದಲಿಸಲಾಗದ ಭಾಗಗಳಿಗೆ. ಈ ಸೆಂಟರಿಗೆ ಸುತ್ತಲಿನ ತಾಲ್ಲೂಕುಗಳ ಹಳೆ ಗಾಡಿಗಳು ಬರುತ್ತಿದ್ದದ್ದು ಇಲ್ಲಿ ಡೆಂಟ್ ಚೆನ್ನಾಗಿ ಎತ್ತುತ್ತಾರೆ ಎಂಬ ಹೆಸರಿನಿಂದಲೇ. ಆ ಹೆಸರು ಬಹುಪಾಲು ಒಬ್ಬರದು. ವಯಸ್ಸು ಐವತ್ತು ದಾಟಿದೆ, ಎಲ್ಲರೂ ‘ಮೇಸ್ತ್ರಿ’ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಮೇಸ್ತ್ರಿಯವರ ಸುತ್ತಿಗೆ ಅವರ ಉಸ್ತಾದರದ್ದು. ಹದಿನಾಲ್ಕನೇ ವಯಸ್ಸಿಗೆ ಹಳೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಒಂದು ಗ್ಯಾರೇಜಿಗೆ ಸೇರಿ, ಟೀ ತಂದು, ಪಟ್ಟಿ (ತಗ್ಗು ಮುಚ್ಚಲು ಮೆತ್ತುವ ಪುಟ್ಟಿ) ಉಜ್ಜಿ, ವರ್ಷಗಳಾದ ಮೇಲೆ ಡಾಲಿ (ಶೀಟಿನ ಹಿಂದೆ ಆನಿಸುವ ಉಕ್ಕಿನ ಗಟ್ಟಿ) ಹಿಡಿಯಲು ಕಲಿತವರು. ಉಸ್ತಾದರ ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟ ದಿನ ಸುತ್ತಿಗೆ ಇವರ ಕೈಗೆ ಬಂತು. ತಲೆಯ ತೂಕ ಸುಮಾರು 350 ಗ್ರಾಂ. ಒಂದು ಮುಖ ಗುಂಡಗೆ, ಇನ್ನೊಂದು ಚೌಕ. ಗುಂಡನೆಯ ಮುಖ ಮೇಲ್ನೋಟಕ್ಕೆ ಚಪ್ಪಟೆ. ಅದರ ಮೇಲೆ ಸ್ಟೀಲ್ ಸ್ಕೇಲನ್ನು ನಿಲ್ಲಿಸಿ ನೋಡಿದರೆ ಮಾತ್ರ ಎರಡೂ ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು ನುಸುಳುವುದು ಕಾಣುತ್ತದೆ. ಅಂಚು ಸವೆದು ದುಂಡಾಗಿದೆ. ಮುಖದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಮೂಡುತ್ತದೆ. ಕಾವು, ಅಂದರೆ ಮರದ ಹಿಡಿ, ಮಾತ್ರ ಕಣ್ಣಿಂದ ನೋಡುವಂತಿರಲಿಲ್ಲ. ಕುತ್ತಿಗೆಯ ಹತ್ತಿರ ಉದ್ದಕ್ಕೆ ಸೀಳು, ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿ ತಾಮ್ರದ ತಂತಿಯಿಂದ ಬಿಗಿದ ಪಟ್ಟು, ತಲೆ ಅಲುಗಾಡದಿರಲೆಂದು ಬೆಣೆಯ ಜಾಗದಲ್ಲಿ ಹೊಡೆದ ಎರಡು ಮೊಳೆ. ಹೆಬ್ಬೆಟ್ಟು ಕೂರುವ ಕಡೆ ಒಂದು ಗುಳಿ.

ಇನ್ನುಳಿದ ಟಿಂಕರ್‌ಗಳ ಹತ್ತಿರವೂ ಸ್ವಂತ ಸುತ್ತಿಗೆಗಳಿದ್ದವು. ಸಂಸ್ಥೆ ಕೊಟ್ಟ ಟೂಲ್ ಬೋರ್ಡಿನ ಸುತ್ತಿಗೆಗಳು ಬೋರ್ಡಿನಲ್ಲೇ ಧೂಳು ತಿನ್ನುತ್ತಿದ್ದವು.

ಸಮಸ್ಯೆ

ಒಂದು ಏಪ್ರಿಲ್ ಮಧ್ಯಾಹ್ನ ಮೇಸ್ತ್ರಿಯವರ ಸುತ್ತಿಗೆಯ ತಲೆ ಕಳಚಿ ಹಾರಿತು. ಪಕ್ಕದ ಬೇಯಲ್ಲಿ ನಿಂತಿದ್ದ ಗಿರಾಕಿಯ ಕಾರಿನ ಹಿಂದಿನ ಗಾಜಿಗೆ ಬಡಿದು ಗಾಜು ಪುಡಿಪುಡಿಯಾಯಿತು. ಆ ಕಾರಿನ ಡಿಕ್ಕಿಯ ರಬ್ಬರ್ ಬದಲಿಸಲು ಬಗ್ಗಿದ್ದ ಹುಡುಗ ಪಾರಾದದ್ದು ಒಂದು ಗೇಣಿನ ಅಂತರದಲ್ಲಿ.

ಕಾರಣ ಸರಳ. ಬೇಸಿಗೆಯ ಒಣ ಹವೆಗೆ ಮರ ಕುಗ್ಗುತ್ತದೆ, ತಲೆ ಸಡಿಲವಾಗುತ್ತದೆ. ಅದಕ್ಕೆ ಮೇಸ್ತ್ರಿ ಎಲ್ಲರೂ ಮಾಡುವ ಉಪಾಯವನ್ನೇ ಮಾಡುತ್ತಿದ್ದರು: ಬೆಳಿಗ್ಗೆ ಬಂದವರೇ ಸುತ್ತಿಗೆಯನ್ನು ಬಕೆಟ್ ನೀರಿನಲ್ಲಿ ತಲೆ ಕೆಳಗಾಗಿ ಇಡುವುದು. ಮರ ಉಬ್ಬಿ ತಲೆ ಬಿಗಿಯುತ್ತದೆ, ನಿಜ. ಆದರೆ ಉಬ್ಬುವಾಗ ಸುತ್ತಲೂ ಉಕ್ಕು ಒತ್ತಿ ಹಿಡಿದಿರುವುದರಿಂದ ಒಳಗಿನ ನಾರು ಜಜ್ಜಿಹೋಗುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ಅದಕ್ಕೆ ಮತ್ತೆ ನೀರು. ಇದು ಹೀಗೇ ಹಲವು ಬೇಸಿಗೆ ನಡೆದಿತ್ತು. ಮೊಳೆ ಹೊಡೆದದ್ದರಿಂದ ಸೀಳು ಇನ್ನಷ್ಟು ಓಡಿತ್ತು.

ಮ್ಯಾನೇಜರಿಗೆ ಕೋಪ ಬಂದದ್ದು ತಪ್ಪಲ್ಲ. ಹುಡುಗನ ತಲೆಗೆ ತಗುಲಿದ್ದರೆ ಈ ಬರಹದ ಸ್ವರೂಪವೇ ಬೇರೆಯಾಗುತ್ತಿತ್ತು. ಅದೇ ಹೊತ್ತಿಗೆ ಮೇಲಿನವರು 5ಎಸ್ ಆಡಿಟ್ ಮಾಡುವವರಿದ್ದರು. ಕೆಲಸದ ಜಾಗ ಅಚ್ಚುಕಟ್ಟಾಗಿಡಲು ಜಪಾನಿನಿಂದ ಬಂದ ಈ ಪದ್ಧತಿಯ ಮೊದಲ ಹೆಜ್ಜೆಯೇ ಬೇಡದ್ದನ್ನು ಬೇರ್ಪಡಿಸಿ ತೆಗೆಯುವುದು. ಎರಡೂ ಸೇರಿ ಒಂದೇ ಆದೇಶವಾಯಿತು: ಸ್ವಂತ ಸುತ್ತಿಗೆ ಯಾರೂ ಇಟ್ಟುಕೊಳ್ಳುವಂತಿಲ್ಲ, ಎಲ್ಲವನ್ನೂ ಕ್ರೇಟಿಗೆ ಹಾಕಿ ಗುಜರಿಗೆ ಕಳಿಸುವುದು, ಪ್ರತಿಯೊಬ್ಬರಿಗೂ ಫೈಬರ್ ಹಿಡಿಯ ಹೊಸ ಸೆಟ್.

ಏನೇನು ಮಾಡಿ ನೋಡಿದರು

ಮೇಸ್ತ್ರಿ ಜಗಳವಾಡಲಿಲ್ಲ. ಹಾರಿಬಿದ್ದ ತಲೆಯನ್ನೂ ತುಂಡು ಕಾವನ್ನೂ ತಾವೇ ತಂದು ಕ್ರೇಟಿಗೆ ಹಾಕಿ, ಹೊಸ ಸೆಟ್ಟಿಗೆ ಸಹಿ ಮಾಡಿದರು. ವಿರೋಧ ಬರುತ್ತದೆಂದು ಸಿದ್ಧರಾಗಿದ್ದ ಮ್ಯಾನೇಜರಿಗೆ ಇದು ಗೆಲುವಿನಂತೆ ಕಂಡಿತು. ಮುಂದಿನ ವಾರಗಳಲ್ಲಿ ಪೇಂಟ್ ಬೂತಿನವರು ಗೊಣಗತೊಡಗಿದರು. ಟಿಂಕರಿಂಗ್‌ನಿಂದ ಬರುವ ಪ್ಯಾನೆಲ್ಲುಗಳಿಗೆ ಪಟ್ಟಿ ಜಾಸ್ತಿ ಹಿಡಿಯುತ್ತಿದೆ, 3 ಮಿ.ಮೀ. ಮೀರಬಾರದು ಎಂದು ನೀವೇ ಮಾಡಿದ ನಿಯಮ, ಮೀರುತ್ತಿದೆ ಎಂದು. ಒಬ್ಬ ಗಿರಾಕಿ ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ತನ್ನ ಕಾರಿನ ಬಾಗಿಲಿಗೆ ಹಿಡಿದ. ಅದು ಅಂಟದೆ ಕೆಳಗೆ ಬಿತ್ತು. ಹಳೆ ಗಾಡಿ ಕೊಳ್ಳುವವರಿಗೆ ಪಟ್ಟಿ ಎಷ್ಟು ದಪ್ಪ ಮೆತ್ತಿದ್ದಾರೆ ಎಂದು ತಿಳಿಯಲು ಈ ಪರೀಕ್ಷೆ ಚೆನ್ನಾಗಿ ಗೊತ್ತು.

ಮ್ಯಾನೇಜರ್ ಇದನ್ನು ಮುನಿಸು ಎಂದುಕೊಂಡರು. ಮುನಿಸಿಗೆ ಮದ್ದು ಗೌರವ ಎಂದು ಅವರ ಎಣಿಕೆ. ಮೇಸ್ತ್ರಿಯವರ ಸುತ್ತಿಗೆಯ ತಲೆಯನ್ನು ಹಲಗೆಯ ಮೇಲೆ ಕೂರಿಸಿ, ಕೆಳಗೆ ಹಿತ್ತಾಳೆ ಫಲಕದಲ್ಲಿ ಅವರ ಸೇವಾವರ್ಷ ಬರೆಸಿ, ರಿಸೆಪ್ಷನ್ನಿನಲ್ಲಿ ತೂಗುಹಾಕುತ್ತೇವೆ ಎಂದರು. ಮೇಸ್ತ್ರಿ ನಗುತ್ತಲೇ ಬೇಡ ಎಂದರಂತೆ. “ಗೋಡೆಗೆ ಹಾಕಿ ಹಾರ ಹಾಕೋದು ಹೋದೋರಿಗೆ ಸಾರ್. ಅದಿನ್ನೂ ಐತೆ.”

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮೊದಲ ತಿರುವು ಇದೇ. ಬರೀ ನೆನಪಿಗಾಗಿ ಹಿಡಿದುಕೊಂಡಿದ್ದ ಮನುಷ್ಯ ಫಲಕವನ್ನು ಒಪ್ಪಿಕೊಳ್ಳುತ್ತಿದ್ದ. ಒಪ್ಪಲಿಲ್ಲ ಎಂದರೆ ಅವರು ಹಿಡಿದುಕೊಂಡಿರುವುದು ಬೇರೇನೋ.

ಎರಡನೆಯ ತಿರುವು ಸ್ಟೋರ್ ರೂಮಿನಲ್ಲಿ ಸಿಕ್ಕಿತು. ಸುತ್ತಿಗೆಗಳು ಗುಜರಿಗೆ ಹೋಗಿವೆ ಎಂದೇ ಎಲ್ಲರೂ ನಂಬಿದ್ದರು. ಸ್ಟೋರ್‌ಕೀಪರ್ ಮಾತ್ರ ನನ್ನನ್ನು ಒಳಗೆ ಕರೆದು, ಗ್ರೀಸ್ ಡ್ರಮ್ಮಿನ ಹಿಂದಿದ್ದ ಕ್ರೇಟನ್ನು ತೋರಿಸಿದ. ಅಷ್ಟೂ ಸುತ್ತಿಗೆಗಳು ಅಲ್ಲೇ ಇದ್ದವು. ಹಿಂದಿನ ಆಯುಧ ಪೂಜೆಯ ಕುಂಕುಮ ಕೆಲವದರ ಕುತ್ತಿಗೆಯ ಸಂದಿಯಲ್ಲಿ ಇನ್ನೂ ಅಂಟಿಕೊಂಡಿತ್ತು. “ಪೂಜೆ ಮಾಡಿದ್ದು ಸಾರ್. ಕೆ.ಜಿ. ಲೆಕ್ಕದಾಗೆ ಕೊಡಾಕೆ ಕೈ ಬರ್ಲಿಲ್ಲ. ಬೈತಾರೆ ಅಂತ ಹೇಳ್ಲಿಲ್ಲ.” ಅವನು ಆದೇಶ ಮೀರಿದ್ದ, ಅದರಿಂದಲೇ ಸರಿಪಡಿಸಲು ಏನಾದರೂ ಉಳಿದಿತ್ತು. (5ಎಸ್ ಕೊಟ್ಟ ಜಪಾನಿನಲ್ಲೇ ವರ್ಷಕ್ಕೊಮ್ಮೆ ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿಗೆ ಚುಚ್ಚಿ, ದೇವಸ್ಥಾನದಲ್ಲಿ ಕೃತಜ್ಞತೆ ಹೇಳಿ ಬೀಳ್ಕೊಡುವ ಪದ್ಧತಿಯಿದೆ. ಹರಿ-ಕುಯೋ ಎನ್ನುತ್ತಾರೆ. ಆಡಿಟ್ ಪಟ್ಟಿಯ ಜೊತೆ ಅದು ಇಲ್ಲಿಗೆ ಬಂದಿಲ್ಲ.)

ಒಬ್ಬೊಬ್ಬರನ್ನೇ ಕೇಳಿದಾಗ

ಎಲ್ಲರನ್ನೂ ಕೂರಿಸಿ ಸಭೆ ಮಾಡುವ ಯೋಚನೆ ಮ್ಯಾನೇಜರದ್ದು. ಸಭೆ ಮಾಡಿದ್ದರೆ ಮೇಸ್ತ್ರಿ ಹೇಳಿದ್ದಕ್ಕೆ ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಹಾಗಾಗಿ ಒಬ್ಬೊಬ್ಬರನ್ನೇ ಸ್ಟೋರಿಗೆ ಕರೆದು, ಕ್ರೇಟಿನಿಂದ ಅವರವರ ಸುತ್ತಿಗೆಯನ್ನು ಕೈಗೆ ಕೊಟ್ಟು ಸುಮ್ಮನೆ ಕೂತೆವು.

ಒಬ್ಬ ಎಳೆಯ ಟಿಂಕರ್‌ನ ಸುತ್ತಿಗೆ ಹಾರ್ಡ್‌ವೇರ್ ಅಂಗಡಿಯದ್ದು, ಇನ್ನೂ ಹೊಸದು. ಅವನ ತಕರಾರು ಬೇರೆ: ಬೋರ್ಡಿನ ಸುತ್ತಿಗೆಯನ್ನು ಯಾರು ಬೇಕಾದರೂ ತೆಗೆದು ಉಳಿ ಹೊಡೆಯುತ್ತಾರೆ, ಬೋಲ್ಟ್ ಬಡಿಯುತ್ತಾರೆ, ಮುಖ ಹಾಳು ಮಾಡಿ ತಂದಿಡುತ್ತಾರೆ. ಹಿಡಿಗೆ ನಂಬರ್ ಹಾಕಿ ಒಬ್ಬರಿಗೊಂದು ಎಂದಾದ ದಿನವೇ ಅವನ ಸಮಸ್ಯೆ ಮುಗಿಯಿತು.

ಮೂವತ್ತರ ಆಸುಪಾಸಿನ ಇನ್ನೊಬ್ಬನ ಕತೆ ನಾವು ಊಹಿಸಿದ್ದಕ್ಕೆ ಪೂರಾ ಉಲ್ಟಾ. ಅವನದು ಅಪ್ಪನ ಸುತ್ತಿಗೆ. ಅಪ್ಪ ಲಾರಿ ಗ್ಯಾರೇಜಿನಲ್ಲಿ ದಪ್ಪ ಶೀಟು ಬಡಿಯುತ್ತಿದ್ದವರು, ಸುತ್ತಿಗೆಯೂ ಅದಕ್ಕೆ ತಕ್ಕ ಭಾರ. ಕಾರಿನ ಹೊರಮೈ ಶೀಟು ಈಗ ಸುಮಾರು 0.7 ಮಿ.ಮೀ. ಅಷ್ಟು ಭಾರದ ಏಟಿಗೆ ಶೀಟು ಹಿಗ್ಗಿ ಡಬ್ಬದ ಮುಚ್ಚಳದಂತೆ ಒಳಗೂ ಹೊರಗೂ ಪುಟಿಯುತ್ತದೆ. ಆಮೇಲೆ ಗ್ಯಾಸ್ ಬೆಂಕಿ ತೋರಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುವ ಕೆಲಸ ಬೇರೆ. ಅವನಿಗೆ ಮೊಣಕೈ ನೋವೂ ಇತ್ತು. ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸುತ್ತಾ ಬಹಳ ಹೊತ್ತಾದ ಮೇಲೆ ಹೇಳಿದ: “ಇದನ್ನ ಬ್ಯಾನ್ ಮಾಡಿದ್ದು ಒಳ್ಳೇದೇ ಆಯ್ತು ಸಾರ್. ನಾನಾಗೇ ಬಿಟ್ಟಿದ್ರೆ ಅಮ್ಮಂಗೆ ಏನ್ ಹೇಳ್ಲಿ? ಈಗ ಕಂಪ್ನಿಯೋರು ತಗಂಡ್ರು ಅಂತ ಹೇಳೀನಿ.” ಮ್ಯಾನೇಜರ್ ಆ ಹೊತ್ತಿಗಾಗಲೇ ಆದೇಶವನ್ನು ಪೂರ್ತಿ ಹಿಂತೆಗೆದು ಎಲ್ಲರ ಸುತ್ತಿಗೆ ವಾಪಸ್ ಕೊಡುವ ಆಲೋಚನೆಯಲ್ಲಿದ್ದರು. ಕೊಟ್ಟಿದ್ದರೆ ಇವನ ಹೆಗಲಿಗೆ ಅಪ್ಪನ ಭಾರ ಮತ್ತೆ ಏರುತ್ತಿತ್ತು, ಅದೂ ಒಳ್ಳೆಯ ಮನಸ್ಸಿನಿಂದ. ವಾಪಸಾತಿ ನಿಂತದ್ದು ಈ ಒಂದು ಮಾತಿನಿಂದ.

ಮೇಸ್ತ್ರಿಯವರನ್ನು ಕೊನೆಗೆ ಕರೆದೆವು. ಅವರು ಉಸ್ತಾದರ ಬಗ್ಗೆ ಮಾತೇ ಎತ್ತಲಿಲ್ಲ. ಹೊಸ ಸುತ್ತಿಗೆಯನ್ನೂ ಹಳೆಯ ತಲೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, “ಮುಖ ನೋಡ್ರಿ” ಎಂದರು. ಹೊಸದರ ಮುಖದ ಮೇಲೆ ಲ್ಯಾಕರ್, ಅದರ ಕೆಳಗೆ ಗ್ರೈಂಡಿಂಗ್ ಗೆರೆ, ಅಂಚು ಚೂಪು. “ಕೈ ಒಂಚೂರು ವಾಲಿದ್ರೆ ಶೀಟಿನ ಮ್ಯಾಲೆ ಅರ್ಧಚಂದ್ರ ಬೀಳ್ತದೆ. ಆ ಚಂದ್ರಗಳನ್ನೆಲ್ಲ ಮುಚ್ಚಾಕೆ ಪಟ್ಟಿ.” ಆಮೇಲೆ ಹಿಡಿ. ಟಿಂಕರ್ ಸುತ್ತಿಗೆಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯುವುದಿಲ್ಲ. ಬೆರಳುಗಳ ನಡುವೆ ಸಡಿಲ ಬಿಟ್ಟು, ಏಟಿನ ನಂತರ ಅದು ತಾನಾಗಿ ಪುಟಿದು ಮೇಲೇಳಲು ಬಿಡುತ್ತಾನೆ. ಹೊಸದರ ರಬ್ಬರ್ ಹಿಡಿ ಅಂಗೈಗೆ ಅಂಟಿ ಆ ಪುಟಿತವನ್ನೇ ಕೊಲ್ಲುತ್ತಿತ್ತು.

ಪರೀಕ್ಷೆ

ಮ್ಯಾನೇಜರ್ ಒಪ್ಪಲಿಲ್ಲ. ಮನಸ್ಸಿಲ್ಲದವನಿಗೆ ನೂರು ಕುಂಟುನೆಪ ಎಂಬಂತೆ ಮಾತಾಡಿದರು. ಹಾಗಾಗಿ ಗುಜರಿಗಿಟ್ಟಿದ್ದ ಒಂದು ಬಾಗಿಲನ್ನು ತಂದು, ಒಂದೇ ಬಗೆಯ ತಗ್ಗುಗಳನ್ನು ಬೀಳಿಸಿದೆವು. ಹಳೆ ತಲೆಗೆ ತಾತ್ಕಾಲಿಕವಾಗಿ ಬೇರೆ ಕಾವು ಹಾಕಿಕೊಂಡು ಮೇಸ್ತ್ರಿ ಒಂದು ತಗ್ಗು ಎತ್ತಿದರು, ಹೊಸ ಸುತ್ತಿಗೆಯಿಂದ ಇನ್ನೊಂದನ್ನು. ಎಡಗೈಯ ಡಾಲಿ ನೇರ ಹಿಂದಿದ್ದಾಗ ಟಣ್ ಎನ್ನುತ್ತದೆ, ಪಕ್ಕಕ್ಕಿದ್ದಾಗ ಡಬ್ ಎನ್ನುತ್ತದೆ. ನೇರ ಏಟಿಗೆ ಶೀಟು ಹಿಗ್ಗುತ್ತದೆ, ಪಕ್ಕದ ಏಟಿಗೆ ಉಬ್ಬು ಕೂತು ತಗ್ಗು ಏಳುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಕೆಲಸ ಎಲ್ಲಿಗೆ ಬಂತೆಂದು ತಿಳಿಯುವಷ್ಟು ಸ್ಪಷ್ಟ.

ಬೆಳಕನ್ನು ಓರೆಯಾಗಿ ಬಿಟ್ಟಾಗ ಮ್ಯಾನೇಜರಿಗೂ ಕಂಡಿತು. ಹೊಸ ಸುತ್ತಿಗೆಯ ಜಾಗದಲ್ಲಿ ಚಿಕ್ಕ ಚಿಕ್ಕ ಕಮಾನುಗಳು, ಹಳೆಯದರ ಜಾಗದಲ್ಲಿ ನಯ. ಅಲ್ಲಿಗೇ ನಿಲ್ಲಿಸಿದ್ದರೆ ‘ಹಳೆಯದೇ ಬಂಗಾರ’ ಎಂದು ಎಲ್ಲರೂ ತಲೆದೂಗಿ ಹೋಗುತ್ತಿದ್ದೆವು. ನನಗೆ ಅಷ್ಟು ಸಾಕೆನಿಸಲಿಲ್ಲ. ಹಳೆಯದರಲ್ಲಿರುವ ಗುಣ ವಯಸ್ಸಿನಿಂದ ಬಂದದ್ದೋ, ಮುಖದ ಆಕಾರದಿಂದ ಬಂದದ್ದೋ ಎಂದು ಬೇರೆ ಮಾಡಿ ನೋಡಬೇಕಿತ್ತು. “ಮೇಸ್ತ್ರಿ, ಹೊಸದರ ಮುಖವನ್ನ ಇದರಂಗೆ ಮಾಡಾಕಾಗುತ್ತಾ?” ಎಂದು ಕೇಳಿದೆ. ಈ ಪ್ರಶ್ನೆಯನ್ನು ಅಲ್ಲಿ ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಅವರು ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಕೂತರು. ಮೊದಲು ಸಣ್ಣ ಅರದಿಂದ ಅಂಚಿನ ಚೂಪು ತೆಗೆದರು. ಗ್ರೈಂಡರ್ ಮುಟ್ಟಲಿಲ್ಲ, ಬಿಸಿಯೇರಿ ಮುಖ ನೀಲಿಗೆ ತಿರುಗಿದರೆ ಉಕ್ಕಿನ ಹದ ಹೋಗುತ್ತದೆ, ಆಮೇಲೆ ಏಟಿಗೆ ಮುಖವೇ ತಗ್ಗು ಬೀಳುತ್ತದೆ. ದಪ್ಪ ಗಾಜಿನ ಮೇಲೆ ಎಮೆರಿ ಪೇಪರ್ ಹಾಸಿ, ಸುತ್ತಿಗೆಯನ್ನು ಅಂಚಿನಿಂದ ನಡುವಿಗೆ ಹೊರಳಿಸುತ್ತಾ ಉಜ್ಜಿದರು. ಒರಟು ಪೇಪರಿನಿಂದ ನಯದ ಕಡೆಗೆ, ಕೊನೆಗೆ ಪೇಂಟ್ ಬೂತಿನ ಪಾಲಿಶಿಂಗ್ ಪೇಸ್ಟು ಬಟ್ಟೆಗೆ ಹಚ್ಚಿ. ನಡುನಡುವೆ ಸ್ಕೇಲ್ ಇಟ್ಟು ಬೆಳಕು ನೋಡುವರು. ಹಳೆಯ ತಲೆ ಪಕ್ಕದಲ್ಲೇ ಮಾದರಿಯಾಗಿ ಕೂತಿತ್ತು. ಎಳೆಯ ಟಿಂಕರ್‌ಗಳಿಬ್ಬರು ತಮ್ಮ ಸುತ್ತಿಗೆ ಹಿಡಿದು ಹತ್ತಿರ ಬಂದು ಕೂತರು. ತರಬೇತಿ ಎಂದು ಯಾರೂ ಕರೆಯದ ತರಬೇತಿ ಅಲ್ಲಿ ನಡೆಯಿತು.

ಹಾಗೆ ತಿದ್ದಿದ ಹೊಸ ಸುತ್ತಿಗೆಗಳಲ್ಲಿ ಒಂದನ್ನು ಎತ್ತಿ ಬಾಗಿಲಿನ ಮೇಲೆ ಆಡಿಸಿ, “ಇದು ಕೈಗೆ ಬಂತು” ಎಂದರು. ಅರ್ಧಚಂದ್ರ ಬೀಳಲಿಲ್ಲ.

ಕಾವಿನ ಪ್ರಶ್ನೆ

ಉಳಿದದ್ದು ಉಸ್ತಾದರ ತಲೆ. ಮ್ಯಾನೇಜರ್ ಮತ್ತು ನಾನು ಕೂತು ಮಾಡಿದ ನಿಯಮ ಇದು: ತಲೆ ಯಾರದೇ ಇರಲಿ, ಬಿರುಕು, ಚಕ್ಕೆ ಎದ್ದಿರುವುದು ಇಲ್ಲದಿದ್ದರೆ ಬಳಸಬಹುದು. ಕಾವು ಮಾತ್ರ ಸಂಸ್ಥೆ ಹಾಕಿಸಿಕೊಡುತ್ತದೆ, ತಿಂಗಳಿಗೊಮ್ಮೆ ನೋಡುತ್ತದೆ. ಮೊಳೆ, ತಂತಿ, ನೀರಿನ ಬಕೆಟ್ ಯಾವುದೂ ಇಲ್ಲ. ಉಳಿ ಹೊಡೆಯಲು ಬೇರೆ ಸುತ್ತಿಗೆ, ಹೊಡೆಯುವಾಗ ಕಣ್ಣಿಗೆ ಕನ್ನಡಕ. ಚೂರು ಹಾರುವ ಕೆಲಸದಲ್ಲಿ ಕಣ್ಣಿನ ರಕ್ಷಣೆಯ ಮಾತು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮಿನಲ್ಲೇ ಇತ್ತು. ಸುತ್ತಿಗೆ ಗಲಾಟೆಯಲ್ಲಿ ಕನ್ನಡಕವನ್ನು ಎಲ್ಲರೂ ಮರೆತಿದ್ದರು.

ಕಾವಿನ ವಿಷಯದಲ್ಲಿ ಮೇಸ್ತ್ರಿ ತಕರಾರು ಮಾಡುತ್ತಾರೆಂದು ನಾನು ಅಂದುಕೊಂಡಿದ್ದೆ. ಆ ಹೆಬ್ಬೆಟ್ಟಿನ ಗುಳಿ ವರ್ಷಗಟ್ಟಲೆ ಸವೆದು ಆದದ್ದು. ಅವರು ಕೇಳಿದ್ದು ಒಂದೇ: ಮರ ಯಾವುದು? ಊರಿನ ಬಡಗಿಯೊಬ್ಬರು ತಡಸಲು ಮರದ ತುಂಡು ಕೊಟ್ಟರು. ಬಾಗಿದರೂ ಮುರಿಯದ ಗುಣಕ್ಕೆ ಹೆಸರಾದ ಮರ, ಉಪಕರಣಗಳ ಹಿಡಿಗೆ ಹಿಂದಿನಿಂದಲೂ ಬಳಕೆಯಲ್ಲಿದೆ. ನಾರು ಉದ್ದಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಬೇಕು, ನಡುವೆ ಅಡ್ಡ ಹಾಯ್ದು ಪಕ್ಕದಲ್ಲಿ ಹೊರಬೀಳಬಾರದು. ಬಿದ್ದರೆ ಸೀಳುವುದು ಅಲ್ಲೇ. ಬಡಗಿ ಹಳೆ ಕಾವನ್ನು ಎದುರಿಗಿಟ್ಟುಕೊಂಡು ಅದೇ ಸೊಂಟ, ಅದೇ ಗುಳಿ ತೆಗೆದರು. ಮರದ ಬೆಣೆ ಹೊಡೆದು, ತಲೆಯ ಕಣ್ಣಿನ (ಕಾವು ತೂರುವ ತೂತಿನ) ಜಾಗಕ್ಕೆ ಅಗಸೆ ಎಣ್ಣೆ ಕುಡಿಸಿದರು. ನೀರಿನಂತೆ ಅದು ಬೇಗ ಆರಿಹೋಗುವುದಿಲ್ಲ.

ಹಳೆ ಕಾವನ್ನು ಮ್ಯಾನೇಜರ್ ಜೋಪಾನವಾಗಿ ಪೇಪರಿನಲ್ಲಿ ಸುತ್ತಿ ಮೇಸ್ತ್ರಿಗೆ ಕೊಟ್ಟರು. ಮುಂದಿನ ವಾರ ಅದನ್ನು ಎಲ್ಲಿಟ್ಟಿರಿ ಎಂದು ಕೇಳಿದಾಗ ಸಿಕ್ಕ ಉತ್ತರ: “ಬಚ್ಚಲ ಒಲೆಗೆ ಹಾಕ್ದೆ ಸಾರ್. ಸೀಳಿದ ಕಟ್ಟಿಗೆ ಅದು.” ಮ್ಯಾನೇಜರ್ ಮುಖ ನೋಡುವಂತಿತ್ತು.

ಫಲಿತದಿಂದ ಹೊಳೆದದ್ದು

ಮನುಷ್ಯ ತನ್ನ ಕೈಗೆ ಬಂದ ವಸ್ತುವಿಗೆ ಅದರ ಬೆಲೆಗಿಂತ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬುದಕ್ಕೆ ಪ್ರಸಿದ್ಧ ಪ್ರಯೋಗವೊಂದಿದೆ. 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಪ್ರಕಟಿಸಿದ್ದು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಕಾಫಿ ಮಗ್ ಕೊಟ್ಟು ಮಾರಲು ಹೇಳಿದಾಗ, ಕೊಳ್ಳುವವರು ಕೊಡಲು ಸಿದ್ಧವಿದ್ದುದರ ಎರಡು ಪಟ್ಟಿನಷ್ಟನ್ನು ಮಗ್ ಸಿಕ್ಕವರು ಕೇಳಿದರು. ಮ್ಯಾನೇಜರ್ ಓದಿಕೊಂಡವರು, ಈ ಮಗ್ ಕತೆಯನ್ನು ನನಗೆ ಮೊದಲ ದಿನವೇ ಹೇಳಿದ್ದರು. ಈ ಪ್ರಕರಣಕ್ಕೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ. ಮಗ್ ಸಿಕ್ಕು ಹೆಚ್ಚು ಹೊತ್ತಾಗಿರಲಿಲ್ಲ. ಅದರಲ್ಲಿ ಯಾರ ಕೆಲಸವೂ ಕೂಡಿಟ್ಟಿರಲಿಲ್ಲ. ಉಸ್ತಾದರ ಸುತ್ತಿಗೆಯ ಮುಖದಲ್ಲಿ ಎರಡು ತಲೆಮಾರಿನ ಉಜ್ಜುವಿಕೆ ಇತ್ತು. ಅಂಗಡಿಯಲ್ಲಿ ಕೊಳ್ಳಲು ಸಿಗದ ಅಳತೆ ಅದು.

‘ಸೆಂಟಿಮೆಂಟು’ ಎಂಬ ಒಂದೇ ಚೀಟಿ ಅಂಟಿಸಿದ್ದ ಕ್ರೇಟಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿದ್ದವು: ಒಬ್ಬನಿಗೆ ತನ್ನ ಸಾಮಾನನ್ನು ಬೇರೆಯವರು ಕೆಡಿಸಬಾರದೆಂಬ ಹಟ, ಒಬ್ಬನಿಗೆ ಬಿಡಲಾರದ ಋಣ, ಮೇಸ್ತ್ರಿಗೆ ಕೆಲಸದ ಗುಣ. ಆದೇಶವೂ ಒಂದೇ, ಅದನ್ನು ಹಿಂತೆಗೆಯುವ ಯೋಚನೆಯೂ ಒಂದೇ ಆದದ್ದರಿಂದ ಎರಡೂ ತಪ್ಪುತ್ತಿದ್ದವು. ಇಂಥ ಪ್ರಕರಣ ಎದುರಾದವರು ವಸ್ತುವನ್ನು ಮಾಲೀಕನ ಕೈಗೆ ಕೊಟ್ಟು, ಇದರಲ್ಲಿ ಯಾವ ಭಾಗ ಹೋದರೆ ನಿಮಗೆ ಕಷ್ಟ ಎಂದು ಕೇಳುವುದರಿಂದ ಶುರು ಮಾಡಬಹುದು. ಅಪಾಯ ಕಾವಿನಲ್ಲಿತ್ತು, ಬೆಲೆ ತಲೆಯಲ್ಲಿತ್ತು. ಆದೇಶ ಎರಡನ್ನೂ ಒಟ್ಟಿಗೆ ಎಸೆದಿತ್ತು. ಹಾಗೆಂದು ಋಣ ಸುಳ್ಳೆಂದಲ್ಲ. ಉಸ್ತಾದರ ಮೊಮ್ಮಗನ ಮದುವೆಗೆ ಮೇಸ್ತ್ರಿ ಎರಡು ದಿನ ರಜೆ ಹಾಕಿ ಹೋಗಿದ್ದರೆಂದು ಸ್ಟೋರ್‌ಕೀಪರ್ ಹೇಳಿದ. ಅದನ್ನು ಅವರು ಗ್ಯಾರೇಜಿನ ಚರ್ಚೆಗೆ ತರಲಿಲ್ಲ, ಅಷ್ಟೇ.

ಸ್ಟೋರ್‌ಕೀಪರ್‌ನ ಅವಿಧೇಯತೆ ಒಂದು ಪಾಠವೋ ಅದೃಷ್ಟವೋ ಹೇಳಲಾರೆ. ಆದೇಶ ಜಾರಿಯಾಗಲಿ, ಆದರೆ ಗುಜರಿಗೆ ಹೋಗುವುದು ಒಂದು ತಿಂಗಳು ತಡೆದು ಎಂಬ ಸಾಲು ಈಗ ಅಲ್ಲಿನ ನಿಯಮಪಟ್ಟಿಯಲ್ಲಿ ಸೇರಿದೆ.

ಪಟ್ಟಿಯ ಖರ್ಚು ಮೊದಲಿನ ಮಟ್ಟಕ್ಕೆ ಇಳಿದಿದೆ. ಹೊಸದಾಗಿ ಬರುವ ಪ್ರತಿ ಸುತ್ತಿಗೆಯೂ ಮೊದಲು ಮೇಸ್ತ್ರಿಯ ಮೇಜಿಗೆ ಹೋಗಿ, ಮುಖ ತಿದ್ದಿಸಿಕೊಂಡು ಆಮೇಲೆ ಬೋರ್ಡಿಗೆ ಬರುತ್ತದೆ. ಆ ಹೊತ್ತನ್ನು ಜಾಬ್ ಕಾರ್ಡಿನಲ್ಲಿ ಬರೆಯಲು ಅನುಮತಿಯಿದೆ. ಅಪ್ಪನ ಸುತ್ತಿಗೆಯವನು ಹಗುರದ ಹೊಸದರಲ್ಲಿ ಕೆಲಸ ಮಾಡುತ್ತಾನೆ, ಅಪ್ಪನದನ್ನು ಮನೆಗೆ ಒಯ್ದಿದ್ದಾನೆ. ಆಡಿಟ್‌ನವರು ಮಾತ್ರ ಇನ್ನೂ ಒಪ್ಪಿಲ್ಲ. ‘ಟಿಂಕರಿಂಗ್ ವಿಭಾಗದಲ್ಲಿ ಸಂಸ್ಥೆಯದಲ್ಲದ ಒಂದು ಸುತ್ತಿಗೆ’ ಎಂದು ಈ ಸಲವೂ ಬರೆದು ಹೋದರು. ಅದರ ಕೆಳಗೆ ಮ್ಯಾನೇಜರ್ ಕಾವು ಪರೀಕ್ಷಿಸಿದ ತಾರೀಖು ಬರೆದು, ಸಹಿ ಹಾಕಿ ಕಳಿಸಿದ್ದಾರೆ.